ಕೇಳಿದ್ದಕ್ಕಷ್ಟ

ಪಾಯಪ್ಪನವರೇ, ಇಲ್ಲಿ ಕೂಡ್ರಿ, ಫ್ಯಾನಿನ ಕೆಳಗೆ.
ನಾಳೆ ಹನ್ನೊಂದಕ್ಕೆ ಬನಹಟ್ಟಿ ಕೋರ್ಟು, ಪಾಟೀಸವಾಲು.
ಇವತ್ತು ಒಂದು ತಾಸು ನಾನೇ ನಿಮ್ಮ ವೈರಿ.

ಕೇಳಿದ್ದಕ್ಕಷ್ಟ ಹೇಳ್ರಿ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ರಿ,
ನೆನಪಿಲ್ಲದ್ದಕ್ಕೆ ನೆನಪಿಲ್ಲ; ಎರಡೂ ಒಂದಲ್ಲ.
ಅವರ ವಕೀಲ ಸುಮ್ಮನಾದರೆ ನೀವೂ ಸುಮ್ಮನಾಗ್ರಿ.
ಆ ಮೌನ ಖಾಲಿ ಕೊಡ,
ತುಂಬೋದು ನಿಮ್ಮ ಕೆಲಸ ಅಲ್ಲ.

ತಲೆಯಾಡಿಸಿದರು.
ನಲವತ್ತೊಂದು ವರ್ಷ ಮಹಾಲಿಂಗಪುರದ ಅಡತಿಯಲ್ಲಿ
ಒಂದು ಪೆಂಟಿ ಬೆಲ್ಲ ತಪ್ಪದಂತೆ ಜಮಾ-ಖರ್ಚು ಬರೆದವರು.
ಖಾಲಿ ಬಿಟ್ಟ ಕಾಲಂ ಕಂಡರೆ ಈಗಲೂ
ಹೆಬ್ಬೆರಳು ತೋರುಬೆರಳು ತಾವೇ ಕೂಡುತ್ತವೆ,
ನಡುವೆ ಪೆನ್ನಿಲ್ಲದಿದ್ದರೂ.

ಮೂರು ವರ್ಷ ನಾನು ಬೇಡಿದ್ದು ಒಂದೇ ಪುಸ್ತಕ:
ಪಾಲುದಾರಿಕೆ ಒಡೆದ ವರ್ಷದ ರೋಜಖಿರ್ದಿ.
ಮೊದಲ ಅರ್ಜಿಗೆ ಅವರ ತಕರಾರು: ಸಂಬಂಧವಿಲ್ಲ.
ಎರಡನೆಯದಕ್ಕೆ: ಇದು ಊರ ತಿಪ್ಪೆ ಕೆದರುವ ಹುನ್ನಾರ.
ಹನ್ನೆರಡು ಪ್ರಶ್ನೆ ಬರೆದು ಕಳಿಸಿದರೆ
ಹನ್ನೆರಡಕ್ಕೂ 'ಅಲ್ಲಗಳೆಯಲಾಗಿದೆ', 'ಅಲ್ಲಗಳೆಯಲಾಗಿದೆ'.
ಕೊನೆಗೆ ಸಾಹೇಬರ ಆದೇಶವಾದ ಮೇಲೊಂದು ಪ್ರಮಾಣಪತ್ರ:
ಢವಳೇಶ್ವರದ ಗೋದಾಮಿಗೆ ಹೊಳೆ ಹೊಕ್ಕಿತ್ತು,
ಪುಸ್ತಕ ನೀರುಪಾಲು.

ಅವತ್ತು ಎದ್ದು ನಿಂತು ಅಂದಿದ್ದೆ,
ಗೋಡೆಯ ಹಲ್ಲಿ ಬೆದರುವಂತೆ:
ಸ್ವಾಮಿ, ಹೊಳೆಗೆ ಓದು ಬರುವುದಿಲ್ಲ,
ಅದೊಂದೇ ಪುಸ್ತಕ ಆರಿಸಿ ಒಯ್ಯಲಿಕ್ಕೆ!
ಬೆಂಚ್ ಕ್ಲರ್ಕ್ ಕೂಡ ನಕ್ಕಿದ್ದ.

ಈಗ ದನಿ ದಪ್ಪ ಮಾಡಿ, ಅವರ ವಕೀಲಳಾಗಿ:
"ಆ ವರ್ಷದ ಲೆಕ್ಕ ಬರೆದವರು?"
"ನಾನ್ರಿ."
"ಪುಸ್ತಕ ಗೋದಾಮಿನಲ್ಲೇ ಇತ್ತು?"
"ಇತ್ರಿ."
"ನೀರು ಇಳಿದ ಮೇಲೆ ಹೋಗಿ ನೋಡಿದಿರಾ?"

ಫ್ಯಾನು ಕಿರ್ರೆಂದಿತು. ಕೆಳಗೆ ಯಾರೋ ಹಮಾಲ
ಲಾರಿಯ ಹಿಂಬಾಗಿಲು ಬಡಿದ.

"ನೋಡೂದೇನ್ರಿ ಅಕ್ಕಾರ, ಮನ್ಯಾಗ ಐತಿ.
ಎದಿಮಟ ನೀರಾಗ ತಲಿಮ್ಯಾಲ ಹೊತ್ಕೊಂಡು ಬಂದೇನಿ.
ನಮ್ಮಾಕಿ ಹಳೇ ಸೀರಿ ಸುತ್ತಿ ಟ್ರಂಕಿನ್ಯಾಗ ಇಟ್ಟಾಳ.
ನೋಟೀಸು ಬಂದದ್ದು ಮಾಲಕರಿಗೆ.
ನನ್ನ ಯಾರೂ ಕೇಳಲಿಲ್ರಿ."

ಅರ್ಧ ತಾಸಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಬಂತು.
ಕೆಂಪು ಬಟ್ಟೆಯ ರಟ್ಟು, ಉಬ್ಬಿದ ಹಾಳೆ,
ಕೆಸರು ವಾಸನೆಯ ಅಡಿಯಲ್ಲಿ ಇನ್ನೂ ಬೆಲ್ಲ.
ಬೆನ್ನಿನ ಹೊಲಿಗೆಯಿಂದ ಇರುವೆಗಳು ಒಂದೊಂದಾಗಿ ಇಳಿದು
ನನ್ನ ಮೂರು ವರ್ಷದ ಅರ್ಜಿಗಳ ಮೇಲೆ
ಯಾರ ಅಪ್ಪಣೆಯೂ ಇಲ್ಲದೆ ನಡೆದವು.

ಪುಟ ಎಪ್ಪತ್ತಾರು. ದೀಪಾವಳಿ ಪಾಡ್ಯ.
ಒಂದು ಲಕ್ಷ ಎಂಬತ್ತು ಸಾವಿರ,
ಪಾಲಿನ ಬಾಬ್ತು ಪೂರಾ ಮುಟ್ಟಿತು.
ರೆವಿನ್ಯೂ ಸ್ಟ್ಯಾಂಪಿನ ಮೇಲೆ ಅಡ್ಡಲಾಗಿ ಸಹಿ: ಜಿನಗೌಡ.
ನನ್ನ ಕಕ್ಷಿದಾರಳ ತಂದೆ.

ಅಂದರೆ ಅವರು ಸುಳ್ಳು ಹೇಳಿರಲಿಲ್ಲ.
ಅವರ ಪಾಲಿಗೆ ಹೊಳೆ ನಿಜವಾಗಿ ಒಯ್ದಿತ್ತು.
ಮೊದಲಿನ ತಕರಾರೆಲ್ಲ ಬೇರೆ ಪುಟಗಳಿಗೆ,
ರಸೀದಿಯಿಲ್ಲದೆ ರಾತ್ರಿ ಸಾಗಿದ ಎರಡನೇ ನಂಬರಿನ ಬೆಲ್ಲಕ್ಕೆ.
ತಮ್ಮನ್ನೇ ಕಾಯಬಹುದಾಗಿದ್ದ ಕಾಗದಕ್ಕೆ
ತಾವೇ ಅಡ್ಡ ನಿಂತಿದ್ದರು,
ಹಿಂದೆ ಏನಿದೆ ಅಂತ ತಿರುಗಿ ನೋಡದೆ.
ಇತ್ತ ನಾನೂ.

"ನಾಳೆ ಕೇಳಿದ್ರ?"
"ಇದ್ದದ್ದು ಹೇಳ್ರಿ."
"ಕೇಳದಿದ್ರ?"

ಒಂದು ತಾಸಿನ ಹಿಂದೆ ನಾನೇ ಕಲಿಸಿದ್ದು
ಮೇಜಿನ ಆ ಕಡೆಯಿಂದ ಎಷ್ಟು ಸೌಮ್ಯವಾಗಿ ತಿರುಗಿ ಬಂತು.

ಪದ್ಮಕ್ಕನ ಫೋನು ಎರಡು ಸಲ ಹೊಡೆದು ನಿಂತಿತು.
ಏನಂತ ಹೇಳಲಿ ಅವಳಿಗೆ:
ಅಪ್ಪನ ಸಹಿ ಸಿಕ್ಕಿದೆ, ಅಕ್ಷರ ದುಂಡಗಿದೆ ಅಂತಲೇ?
ನಾಳೆಯ ತಕರಾರು ಪ್ರತಿವಾದಿಯದಲ್ಲ, ಅವಳದೇ ಇರುತ್ತದೆ,
ನನ್ನ ಮುಖಕ್ಕೇ.

ಫೈಲಿನಿಂದ ವಾದಿಯ ದಸ್ತಾವೇಜು ಯಾದಿ ಎಳೆದೆ.
ಕೊನೆಯ ಸಾಲಿನ ಕೆಳಗೆ ಒಂದು ಕಾಲಂ ಖಾಲಿ.
ಇರುವೆಯೊಂದನ್ನು ಊದಿ ಸರಿಸಿ ಪೆನ್ನಿನ ಮುಚ್ಚಳ ತೆಗೆದೆ.
ಪಾಯಪ್ಪ ಅಲ್ಲೇ ನೋಡುತ್ತ ಕೂತಿದ್ದರು,
ಎರಡು ಬೆರಳು ಕೂಡಿಸಿಕೊಂಡು.